ಗುಂಡನನ್ನು ಕೊಡಲೋ ಬೇಡವೋ

ನನ್ನ ಹಳೇ ಕ್ಯಾಮರಾ ಅಂಗಡಿಯ ಮೆಟ್ಟಿಲು ಹತ್ತುವವರನ್ನು ನಾನು ಕಾಲಿನಿಂದ ಮೇಲಕ್ಕೆ ಅಳೆಯುತ್ತೇನೆ. ಈಕೆಯ ಚಪ್ಪಲಿ ಒಂದೇ ಕಡೆ ಸವೆದಿತ್ತು. ಭಾರವನ್ನೆಲ್ಲ ಒಂದೇ ಭುಜಕ್ಕೆ ಹಾಕಿಕೊಂಡು ವರ್ಷಗಟ್ಟಲೆ ನಿಂತವಳು. ಬ್ಯಾಗ್ ಹಳೆಯದು, ಅದರ ಜಿಪ್ ಹೊಸದು. ಸುಲಭಕ್ಕೆ ಏನನ್ನೂ ಬಿಸಾಡುವವಳಲ್ಲ. ಕುತ್ತಿಗೆಯಲ್ಲಿದ್ದ ಕ್ಯಾಮರಾದ ಕಪ್ಪು ಬಣ್ಣ ಕೈ ಹಿಡಿಯುವ ಜಾಗದಲ್ಲೆಲ್ಲ ಹೋಗಿ ಕೆಳಗಿನ ಲೋಹ ಮಿರುಗುತ್ತಿತ್ತು, ದುಡಿಯುವವಳು, ಷೋಕಿಯವಳಲ್ಲ. ಇಲ್ಲಿಯವರೆಗೆ ಲೆಕ್ಕ ಸರಿಯಾಗಿತ್ತು. ಕಣ್ಣಿಗೆ ಬಂದಾಗ ತಪ್ಪಿತು. ಕೊಳ್ಳಲು ಬಂದವರು ಗಾಜಿನ ಬೀರು ನೋಡುತ್ತಾರೆ, ಮಾರಲು ಬಂದವರು ನನ್ನ ಮುಖ ನೋಡುತ್ತಾರೆ. ಈಕೆ ನೆಲ ನೋಡುತ್ತಿದ್ದಳು. ಅಂಥವರಿಗೆ ತಾವು ಏನು ಮಾಡಲು ಬಂದಿದ್ದೇವೆ ಅನ್ನುವುದು ತಮಗೇ ಗೊತ್ತಿರುವುದಿಲ್ಲ. ಸ್ಟೂಲು ಕೊಟ್ಟು ಕೂರಿಸಬೇಕು. ಕೂತರೆ ವ್ಯಾಪಾರ ಆಗುತ್ತದೆ.

"ಬನ್ನಿ, ಕೂತ್ಕೊಳ್ಳಿ," ಅಂದೆ.

"ಒಂದ್ನಿಮಿಷ," ಅಂದಳು, ಬಾಗಿಲ ಹತ್ತಿರವೇ ನಿಂತು.

ಅವಳ ಹೆಸರು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ತಡವಾಗಿತ್ತು. ನಮ್ಮ ಬೀದಿಯ ಬಾಯಲ್ಲಿ ಅವಳು ಒಂದ್ನಿಮಿಷ ಅಂತಲೇ ಉಳಿದಳು.

ಹಿಂದೆಯೇ ಬಂದ ಅವಳ ಅಕ್ಕ ನಾನು ಕೊಟ್ಟ ಸ್ಟೂಲನ್ನು ತಾನು ಎಳೆದುಕೊಂಡು ಕೂತಳು. ಅಕ್ಕನನ್ನು ಅಳೆಯುವ ಕಷ್ಟ ನನಗೆ ಬೀಳಲಿಲ್ಲ. ಅಷ್ಟು ಹೊತ್ತಿಗೆ ಅವಳೇ ನನ್ನನ್ನು ಅಳೆದು ಮುಗಿಸಿದ್ದಳು.

"ಅಣ್ಣಾ, ಇವಳ ಹತ್ರ ಒಂದು ಲೆನ್ಸ್ ಇದೆ. ಅದನ್ನ ತಗೊಂಡು ಇನ್ನೊಂದು ಕ್ಯಾಮರಾ ಕೊಡಿ."

"ಕೊಡ್ತೀನಿ ಅಂತ ನಾನೆಲ್ಲಿ ಹೇಳ್ದೆ?" ಅಂದಳು ತಂಗಿ.

"ಮನೆಯಿಂದ ಹೊರಡುವಾಗ ಹೇಳ್ದೆ."

"ಆಗ ಹೇಳ್ದೆ. ದಾರೀಲಿ ಮನಸ್ಸು ಬದಲಾಯ್ತು."

"ನೋಡಿ ಅಣ್ಣಾ, ಇವಳ ಕಥೆಯೇ ಇಷ್ಟು. ಬೆಳಗ್ಗೆಯಿಂದ ಅನ್ನ ನೀರು ಬಿಟ್ಟು ಇದೇ ರಾಗ."

ಅಕ್ಕ ತಂಗಿ ಇಬ್ಬರೂ ಸೇರಿ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಆಮೇಲೆ ನಾನೂ ಹೋಗಿ ನೋಡಿದ್ದೇನೆ. ಗೋಡೆಗೆ ನೀಲಿ ಪರದೆ, ಮೂಲೆಯಲ್ಲಿ ಕನ್ನಡಿ, ಕನ್ನಡಿಯ ಪಕ್ಕ ದಾರದಿಂದ ಮೊಳೆಗೆ ಕಟ್ಟಿದ ಬಾಚಣಿಗೆ. ಕಟ್ಟದಿದ್ದರೆ ಗಿರಾಕಿಗಳು ತಲೆ ಬಾಚಿಕೊಂಡು ಜೇಬಿಗೆ ಇಳಿಸುತ್ತಾರಂತೆ. ಗಿರಾಕಿಯನ್ನು ಕೂರಿಸುವುದು, ಕಾಲರ್ ಸರಿಮಾಡುವುದು, ಗಲ್ಲ ಎತ್ತಿಸುವುದು, ಮದುವೆ ಮುಂಜಿಗಳ ಕೆಲಸ ಹಿಡಿಯುವುದು ಅಕ್ಕನ ಪಾಲು. ತಂಗಿಯದು ಕ್ಯಾಮರಾ. ಕ್ಯಾಮರಾ ಒಂದೇ, ಲೆನ್ಸ್ ಎರಡು. ಗುಂಪಿಗೆಲ್ಲ ಆಗುವ ಜೂಮ್ ಒಂದು. ಇನ್ನೊಂದಕ್ಕೆ ಅವರು ಗುಂಡ ಅಂತ ಹೆಸರಿಟ್ಟಿದ್ದರು.

ಗುಂಡನನ್ನು ಬಟ್ಟೆಯ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಾಗ ನಾನು ಮುಖ ಸಪ್ಪೆ ಮಾಡಿಕೊಂಡೆ. ಒಳ್ಳೆಯ ಮಾಲು ಕಂಡಾಗ ನಾನು ಮೊದಲು ಮಾಡುವ ಕೆಲಸ ಅದು. ಗಿಡ್ಡ, ದಪ್ಪ, ಕಲ್ಲಿನ ಹಾಗೆ ಭಾರ, ಅಂಚಿನಲ್ಲೊಂದು ಜಜ್ಜು. ಜೂಮ್ ಆಗುವುದಿಲ್ಲ, ಮುಖ ದೊಡ್ಡದಾಗಿ ಬೇಕಾದರೆ ನೀವೇ ಮುಂದೆ ನಡೆಯಬೇಕು. ಆದರೆ ಅದರಲ್ಲಿ ತೆಗೆದ ಮುಖಗಳನ್ನು ನೋಡಿದರೆ ನನ್ನಂಥವನಿಗೂ ಬೆಲೆ ಇಳಿಸಿ ಹೇಳಲು ನಾಲಿಗೆ ತಡವರಿಸುತ್ತದೆ. ಹೇಳುತ್ತೇನೆ, ಅದು ಬೇರೆ ಮಾತು. ಇಂಥದ್ದೇ ಬೇಕು ಅಂತ ನಮ್ಮ ಬೀದಿಯ ಹಲ್ಲಿನ ಡಾಕ್ಟರು ಬಂದಾಗಲೆಲ್ಲ ಪ್ರಾಣ ತಿನ್ನುತ್ತಿದ್ದರು.

"ಅಂಚು ಜಜ್ಜಿದೆ," ಅಂದೆ.

"ನಿಮ್ಮ ಅಂಗಡಿ ಬಾಗಿಲೂ ಜಜ್ಜಿದೆ, ನಾವೇನಾದ್ರೂ ಅಂದ್ವಾ?" ಅಂದಳು ಅಕ್ಕ.

ಗುಂಡನನ್ನು ಮಾರುವ ಮಾತು ಬಂದದ್ದು ಒಂದು ಮದುವೆಯಿಂದ. ಹುಡುಗ ಹುಡುಗಿಗೆ ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಇವರ ಕ್ಯಾಮರಾ ಕೈಕೊಟ್ಟಿತು. ಗುಂಡಿ ಒತ್ತಿದರೆ ಶಟರ್ ಅಲುಗಲೊಲ್ಲದು. ತಂಗಿ ಬ್ಯಾಟರಿ ತೆಗೆದು ಹಾಕುವಷ್ಟರಲ್ಲಿ ಅಕ್ಕ ಮದುಮಗನಿಗೆ "ಇನ್ನೊಂದ್ಸಲ ಹಾಕಪ್ಪಾ" ಅಂದಳು. ಪಾಪ, ಬಿಚ್ಚಿ ಹಾಕಿದ. ಕ್ಯಾಮರಾ ಮತ್ತೆ ಮುಷ್ಕರ ಹೂಡಿತು. ಮತ್ತೆ "ಇನ್ನೊಂದ್ಸಲ". ಅಷ್ಟರಲ್ಲಿ ಮದುಮಗಳ ಬೆರಳು ಊದಿಕೊಂಡು ಉಂಗುರ ಬಿಚ್ಚಲು ಬರಲಿಲ್ಲ. ಹುಡುಗನ ಅಪ್ಪ ಎದ್ದು ಬಂದು, "ಏನಮ್ಮಾ, ಇದು ಮದುವೆನೋ ರಿಹರ್ಸಲ್ಲೋ?" ಅಂತ ಕೇಳಿದರು. ಆವತ್ತಿನಿಂದ ಅಕ್ಕನ ಹಟ ಒಂದೇ: ಎರಡು ಕ್ಯಾಮರಾ ಇಲ್ಲದೆ ಇನ್ನು ಮದುವೆ ಮನೆಗೆ ಕಾಲಿಡುವುದಿಲ್ಲ. ಕೊಳ್ಳಲು ಕೈಯಲ್ಲಿ ಏನೂ ಇಲ್ಲ, ಗುಂಡನೊಬ್ಬನನ್ನು ಬಿಟ್ಟು.

"ಅಕ್ಕ ಹೇಳೋದು ಸರಿ," ಅಂದಳು ತಂಗಿ. ಗುಂಡನ ಚೀಲ ಮಡಿಸುತ್ತ, "ಆದ್ರೂ," ಅಂದಳು.

"ಆದ್ರೂ ಏನೇ?"

"ಅದೇ ಗೊತ್ತಾಗ್ತಿಲ್ಲ."

ಗೊತ್ತಾಗದವರನ್ನು ದಡ ಮುಟ್ಟಿಸುವುದೇ ನನ್ನ ಕಸುಬು. ಬೀರುವಿನಲ್ಲಿ ಅವಳದೇ ಜಾತಿಯ ಕ್ಯಾಮರಾ ಒಂದಿತ್ತು, ಜಾಸ್ತಿ ದುಡಿಯದ್ದು. ಅದರ ಬಾಯಿಗೆ, ಹೊಸ ಕ್ಯಾಮರಾ ಕೊಂಡವರಿಗೆ ಡಬ್ಬಿಯ ಜೊತೆಗೇ ಸಿಗುವ ಹಗುರವಾದ ಪುಟ್ಟ ಲೆನ್ಸ್ ಹಾಕಿ ಕೊಟ್ಟೆ. "ಗುಂಡ ಇಲ್ಲಿರಲಿ. ಇದನ್ನ ತಗೊಂಡು ಹೋಗಿ ಒಂದು ಕಾರ್ಯಕ್ರಮ ಮಾಡಿ ನೋಡಿ. ಹಿಡಿಸಿದ್ರೆ ಅದಲು ಬದಲು. ಹಿಡಿಸದಿದ್ರೆ ನಿಮ್ಮದು ನಿಮಗೆ, ನನ್ನದು ನನಗೆ." ಹೀಗೆ ಕೊಟ್ಟ ಸಾಮಾನು ವಾಪಸ್ ಬಂದದ್ದು ಕಡಿಮೆ. ಮನೆ ಸೇರಿದ್ದನ್ನು ಹೊರಗೆ ಕಳಿಸಲು ಜನಕ್ಕೆ ಮನಸ್ಸಾಗುವುದಿಲ್ಲ.

ತಂಗಿ ಗುಂಡನನ್ನು ಚೀಲಕ್ಕೆ ಹಾಕಿ ದಾರ ಕಟ್ಟಿದಳು. ಮತ್ತೆ ಬಿಚ್ಚಿ, ಗಾಜು ಒರೆಸಿ, ಮತ್ತೆ ಕಟ್ಟಿದಳು. "ಬಿಸಿಲಿಗೆ ಇಡಬೇಡಿ," ಅಂದಳು. ಅವಳು ನನ್ನ ಮುಖ ನೋಡಿದ್ದು ಆಗ ಮೊದಲು.

ಡಾಕ್ಟರು ಆವತ್ತೇ ಸಂಜೆ ಬಂದರು. ಗುಂಡನನ್ನು ಕೈಯಲ್ಲಿ ತೂಗಿ ನೋಡಿ, ತೊಟ್ಟಿಲ ಮಗುವನ್ನು ನೋಡಿದ ಹಾಗೆ ನಕ್ಕರು. "ಇನ್ನೂ ನನ್ನದಾಗಿಲ್ಲ ಡಾಕ್ಟ್ರೇ, ಆಗುತ್ತೆ," ಅಂದೆ. ಅಷ್ಟು ಧೈರ್ಯವಿತ್ತು ನನಗೆ.

ಕಾರ್ಯಕ್ರಮ ಇದ್ದದ್ದು ಆಸ್ಪತ್ರೆಯ ಹಿರಿಯ ನರ್ಸಮ್ಮನ ನಿವೃತ್ತಿಯದು. ಮಾರನೆಯ ಬೆಳಗ್ಗೆ ನಾನು ಬಾಗಿಲು ಎತ್ತುವ ಮೊದಲೇ ಅಕ್ಕ ತಂಗಿ ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ.

"ಕ್ಯಾಮರಾ ತೊಂದ್ರೆ ಕೊಡ್ತಾ?" ಅಂದೆ.

"ಕ್ಯಾಮರಾ ಚಿನ್ನದಂಥದ್ದು," ಅಂದಳು ಅಕ್ಕ. "ತೊಂದ್ರೆ ಕೊಟ್ಟಿದ್ದು ಇವಳು. ಹೇಳೇ, ನೀನೇ ಹೇಳು."

"ನೀನೇ ಹೇಳು. ಹೆಂಗೂ ಬಿಡಲ್ಲ."

ಅಕ್ಕ ಬಿಡಲಿಲ್ಲ. "ಆ ನರ್ಸಮ್ಮ ಜೀವಮಾನ ಎಲ್ಲ ಜನಕ್ಕೆ ಸೂಜಿ ಚುಚ್ಚಿದೋರು. ಕ್ಯಾಮರಾ ಮುಂದೆ ಕೂತ್ರೆ, ತಮಗೇ ಯಾರೋ ಚುಚ್ಚೋಕೆ ಬಂದ ಹಾಗೆ ಬಿಗೀತಾರೆ. ಇವಳು ಎರಡು ಕ್ಯಾಮರಾ ಕುತ್ತಿಗೆಗೆ ಹಾಕ್ಕೊಂಡು ಇದ್ರಲ್ಲೊಂದು ಅದ್ರಲ್ಲೊಂದು ಹೊಡೀತಾನೇ ಇದ್ದಾಳೆ. ಎಲ್ಲ ಮುಖವೂ ಹಲಗೆ. ಆಮೇಲೆ ಇದ್ದಕ್ಕಿದ್ದ ಹಾಗೆ 'ಒಂದ್ನಿಮಿಷ' ಅಂದ್ಲು. ಅಂದು, ಈ ಕ್ಯಾಮರಾದ ಲೆನ್ಸ್ ಬಿಚ್ಚಿದ್ಲು. ಆ ಕ್ಯಾಮರಾದ್ದೂ ಬಿಚ್ಚಿದ್ಲು."

"ಯಾಕೆ?" ಅಂದೆ.

"ಇದರದ್ದನ್ನ ಅದಕ್ಕೆ, ಅದರದ್ದನ್ನ ಇದಕ್ಕೆ ಹಾಕೋಕೆ."

ನಾನು ತಂಗಿಯ ಕಡೆ ನೋಡಿದೆ.

"ಕೈ ತಾನಾಗೇ ಹೋಯ್ತು," ಅಂದಳು ಅವಳು. "ಗುಂಪು ಮುಗಿದ ಮೇಲೆ ಲೆನ್ಸ್ ಬದಲಾಯಿಸೋದು ಅಭ್ಯಾಸ. ಬ್ಯಾಗಿಗೆ ಕೈ ಹಾಕ್ದೆ, ಗುಂಡ ಇಲ್ಲ. ಕೈಗೆ ಏನಾದ್ರೂ ಬದಲಾಯಿಸ್ಲೇಬೇಕಿತ್ತು."

"ಎರಡೂ ಕ್ಯಾಮರಾ ಬಾಯಿ ತೆರ್ಕೊಂಡು ಕುತ್ತಿಗೇಲಿ ನೇತಾಡ್ತಿವೆ," ಅಂದಳು ಅಕ್ಕ. "ಇವಳದ್ದು ಮೂರನೇ ಬಾಯಿ. ಅದನ್ನ ನೋಡಿ ನರ್ಸಮ್ಮ ನಕ್ಕರು ಅಣ್ಣಾ. ಹೊಟ್ಟೆ ಹಿಡ್ಕೊಂಡು, ಪಕ್ಕದವರ ಭುಜದ ಮೇಲೆ ತಲೆಯಿಟ್ಟು. ಅಂಥ ನಗು. ನಾನು 'ಹೊಡಿಯೇ, ಹೊಡಿಯೇ' ಅಂತೀನಿ. ಯಾವುದರಲ್ಲಿ ಹೊಡೀತಾಳೆ?"

ಅಕ್ಕ ಹೇಳುತ್ತ ನಗುತ್ತಿದ್ದಳು. ತಂಗಿ ನಗಲಿಲ್ಲ. ಮೇಜಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಏನೋ ಗೀಚುತ್ತ ಅವಳು ಆಡಿದ ಮಾತು ನನ್ನ ತಲೆಯನ್ನೂ ಕೆಡಿಸಿತು.

"ಅಣ್ಣಾ, ರಾತ್ರಿ ಹಳೇ ಫೋಟೋ ಎಲ್ಲ ತೆಗೆದು ನೋಡ್ದೆ. ಗುಂಡನಲ್ಲಿ ತೆಗೆದ ಒಳ್ಳೇ ಮುಖಗಳೆಲ್ಲ ಅವನನ್ನ ಹಾಕಿದ ತಕ್ಷಣ ತೆಗೆದಿದ್ದು. ನಾನು 'ಒಂದ್ನಿಮಿಷ' ಅಂದಾಗ ಜನ ಉಸಿರು ಬಿಡ್ತಾರೆ. ಬೆನ್ನು ಸಡಿಲ ಮಾಡ್ತಾರೆ. ಪಕ್ಕದವರ ಜೊತೆ ಏನೋ ಅಂತಾರೆ. ಇನ್ನೂ ಶುರುವಾಗಿಲ್ಲ ಅಂದ್ಕೊಂಡಿರ್ತಾರೆ. ಅಷ್ಟರಲ್ಲಿ ನಾನು ತೆಗೆದಿರ್ತೀನಿ. ಅಂದ್ಮೇಲೆ ಚೆನ್ನಾಗಿರೋದು ಗುಂಡನಾ, ಬದಲಾಯಿಸೋ ಹೊತ್ತಾ?"

ಎರಡು ಕ್ಯಾಮರಾ ಇದ್ದರೆ ಆ ಹೊತ್ತೇ ಇರುವುದಿಲ್ಲ. ಒಂದೇ ಇದ್ದರೆ ಮತ್ತೆ ಉಂಗುರದ ಕಥೆ. ನಾನು ಈ ಅಂಗಡಿಯಲ್ಲಿ ಗಾಜಿಗೆ ಬೆಲೆ ಕಟ್ಟಿದ್ದೇನೆ, ಲೋಹಕ್ಕೆ ಬೆಲೆ ಕಟ್ಟಿದ್ದೇನೆ, ಗೀರಿಗೂ ಬೂಸಲಿಗೂ ಬೆಲೆ ಕಳೆದಿದ್ದೇನೆ. ಲೆನ್ಸ್ ಬದಲಾಯಿಸುವ ಹೊತ್ತಿಗೆ ಏನು ಬೆಲೆ ಕಟ್ಟುವುದು? ತಲೆ ಕೆರೆದುಕೊಂಡೆ.

ಅಕ್ಕನಿಗೆ ಅಂಥ ತಾಪತ್ರಯ ಇರಲಿಲ್ಲ. "ಅಷ್ಟೇ ತಾನೆ? ಬದಲಾಯಿಸೋ ಹಾಗೆ ನಾಟಕ ಆಡು. 'ಒಂದ್ನಿಮಿಷ' ಅನ್ನು, ಬ್ಯಾಗಲ್ಲಿ ಕೈಯಾಡಿಸು, ಜನ ಉಸಿರು ಬಿಟ್ಟಾಗ ಹೊಡಿ. ಗುಂಡ ಯಾಕೆ ಬೇಕು? ಈಗ್ಲೇ ಅಣ್ಣನ ಮೇಲೆ ಮಾಡಿ ನೋಡು."

ನನಗೆ ಖುಷಿಯಾಯಿತು. ಈ ನಾಟಕ ಗೆದ್ದರೆ ಗುಂಡ ನನ್ನವನು. ನೆಟ್ಟಗೆ ಕೂತು, ಅಂಗಿ ಎಳೆದುಕೊಂಡು, ಗಿರಾಕಿಗೆ ತೋರಿಸುವ ಮುಖ ತಂದುಕೊಂಡೆ. ಅವಳು ನನ್ನ ಕ್ಯಾಮರಾ ಹಿಡಿದು "ಒಂದ್ನಿಮಿಷ" ಅಂದಳು. ಬ್ಯಾಗಿನಲ್ಲಿ ಕೈಯಾಡಿಸಿದಳು. ಕೈ ಬ್ಯಾಗಿನಲ್ಲಿ, ಕಣ್ಣು ನನ್ನ ಮೇಲೆ. ಮಲಗಿರುವ ಹಾಗೆ ನಟಿಸುವ ಮಕ್ಕಳ ರೆಪ್ಪೆ ಅದುರುತ್ತದಲ್ಲ, ಹಾಗೆ ಅವಳ ತುಟಿ ಅದುರುತ್ತಿತ್ತು. ನಾನು ಉಸಿರು ಬಿಡಬೇಕಾದವನು ಹಿಡಿದೇ ಕೂತೆ. ತೆಗೆದಳು. ಕ್ಯಾಮರಾದ ಹಿಂದಿನ ಪುಟ್ಟ ಪರದೆಯಲ್ಲಿ ತೋರಿಸಿದಳು. ಹರಾಜಿಗೆ ಬಂದ ಮರದ ಕುರ್ಚಿಗೆ ಮೀಸೆ ಬರೆದ ಹಾಗಿದ್ದೆ.

"ನಟಿಸೋಕೆ ಬರಲ್ಲ ಅಕ್ಕಾ," ಅಂದಳು. "ಸುಳ್ಳು ಹೇಳಿದ್ರೆ ಅವರಿಗೂ ಗೊತ್ತಾಗುತ್ತೆ."

"ಇಪ್ಪತ್ತನಾಲ್ಕು ಗಂಟೆ ನಿನ್ನ ಜೊತೆ ಇರೋ ನನ್ನ ಹತ್ರ ಸಲೀಸಾಗಿ ಹೇಳ್ತೀಯಲ್ಲೇ."

"ಒಂದ್ಸಲ ಗುಂಡನನ್ನ ಕೊಡಿ ಅಣ್ಣಾ. ಹಾಕಿ ನೋಡ್ತೀನಿ."

ಕೊಟ್ಟೆ. ಅವಳು ಮೆಟ್ಟಿಲಿಳಿದು ರಸ್ತೆ ದಾಟಿ ಎದುರಿನ ಬೀಗದ ರಿಪೇರಿ ಅಂಗಡಿಯ ಮುಂದೆ ನಿಂತಳು. ಗುಂಡನಿಗೆ ಅಷ್ಟು ದೂರ ಬೇಕು. ಹೋಗುವಾಗ ಲೆನ್ಸಿನ ಮುಚ್ಚಳ ನನ್ನ ಮೇಜಿನ ಮೇಲೆ ಇಟ್ಟು ಹೋದಳು. ನಾನು ಬಾಗಿಲಲ್ಲಿ ನಿಂತು ಮತ್ತೆ ಗಿರಾಕಿಯ ಮುಖ ತಂದುಕೊಂಡೆ. ಅವಳು ಅಲ್ಲಿಂದ ಕೈಯೆತ್ತಿ "ಒಂದ್ನಿಮಿಷ ಅಣ್ಣಾ" ಅಂದಳು. ಲೆನ್ಸ್ ನಿಜವಾಗಿಯೂ ಸರಿಯಾಗಿ ಕೂತಿರಲಿಲ್ಲ. ತಿರುಗಿಸಿದಳು, ಊದಿದಳು, ಮತ್ತೆ ತಿರುಗಿಸಿದಳು. ಬೆಳಗಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ನಾನು ಉಸಿರು ಬಿಟ್ಟು ಅಕ್ಕನ ಕಡೆ ತಿರುಗಿದೆ.

ಅಕ್ಕ ಅದನ್ನೇ ಕಾಯುತ್ತಿದ್ದಳೋ ಏನೋ. "ಅಣ್ಣಾ, ಅವಳು ಗುಂಡನನ್ನ ಕೊಡಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ. ನೀವು ಆ ಕ್ಯಾಮರಾನ ನಮಗೆ ಮದುವೆ ಇದ್ದಾಗ ಮಾತ್ರ ಬಾಡಿಗೆಗೆ ಕೊಡಿ. ಬ್ಯಾಗಲ್ಲಿ ಮಲಗಿರಲಿ. ನಮ್ಮದು ಸತ್ರೆ ಎಬ್ಬಿಸ್ತೀವಿ. ಮಲಗಿದ್ದಕ್ಕೆ ಬಾಡಿಗೆ ಕೇಳಬೇಡಿ, ಎದ್ದಿದ್ದಕ್ಕೆ ಮಾತ್ರ."

ಇಂಥ ಕರಾರನ್ನು ನನ್ನ ವ್ಯಾಪಾರದಲ್ಲಿ ಯಾರೂ ಕೇಳಿರಲಿಲ್ಲ. ಬೇಡ ಅನ್ನಲು ಕೈಯೆತ್ತಿದವನು ಬಾಯಿ ಬಿಟ್ಟುಕೊಂಡು ಆ ಹೆಂಗಸನ್ನು ನೋಡಿದೆ. ಅಷ್ಟರಲ್ಲಿ ತಂಗಿ ರಸ್ತೆ ದಾಟಿ ವಾಪಸ್ ಬರುತ್ತಿದ್ದಳು.

"ಯಾಕಮ್ಮಾ, ತೆಗೀಲಿಲ್ವಾ?"

"ತೆಗೆದೆ."

ಪರದೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ. ಬಾಯಿ ಅರ್ಧ ತೆರೆದಿದೆ, ಕೈಯೊಂದು ಗಾಳಿಯಲ್ಲಿ ಮರೆತುಹೋಗಿದೆ. ಸೋಲುತ್ತಿದ್ದಾನೆ ಅನ್ನುವುದು ಕಾಣುತ್ತದೆ. ಅದರಿಂದ ಅವನಿಗೆ ಬೇಸರವಾಗಿಲ್ಲ ಅನ್ನುವುದೂ ಕಾಣುತ್ತದೆ. ಹಿಂದಿನ ಗಾಜಿನ ಬೀರು, ಅದರೊಳಗಿನ ಸಾಮಾನು ಎಲ್ಲ ಕರಗಿ ಬೆಳಕಾಗಿ, ಮುಖವೊಂದೇ ಉಳಿದಿದೆ. ನನ್ನದೇ ಅಂತ ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

ಅವಳೂ ಅದನ್ನೇ ನೋಡುತ್ತಿದ್ದಳು. "ಕೊಡಲ್ಲ ಅಣ್ಣಾ," ಅಂದಳು. "ಯಾಕೆ ಅಂತ ಕೇಳಬೇಡಿ. ಗುಂಡನಿಗೋಸ್ಕರವೋ, ಆ ಹೊತ್ತಿಗೋಸ್ಕರವೋ, ನನಗೂ ಗೊತ್ತಿಲ್ಲ. ಬಿಡಿಸೋಕೆ ಹೋದ್ರೆ ಎರಡೂ ಹೋಗುತ್ತೆ ಅನ್ಸುತ್ತೆ."

ಅಕ್ಕನ ಕರಾರಿಗೆ ತಲೆಯಾಡಿಸಿದೆ. ಡಾಕ್ಟರು ನನ್ನ ಜೊತೆ ಸ್ವಲ್ಪ ಕಾಲ ಮಾತು ಬಿಟ್ಟರು. ಆಮೇಲೆ ನನಗೇ ಹಲ್ಲು ನೋವು ಬಂದು ರಾಜಿಯಾಯಿತು.

ಆ ಎರಡನೇ ಕ್ಯಾಮರಾ ಈಗಲೂ ಮದುವೆ ಮದುವೆಗೂ ಅವರ ಬ್ಯಾಗಿನಲ್ಲಿ ಹೋಗಿ ಬರುತ್ತದೆ. ಇಲ್ಲಿಯವರೆಗೆ ಅದನ್ನು ಎಬ್ಬಿಸುವ ಪ್ರಸಂಗ ಬಂದಿಲ್ಲವಂತೆ. ಹಾಗಂತ ಅಕ್ಕ ಹೇಳುತ್ತಾಳೆ, ನಂಬಬೇಕು. ವಾಪಸ್ ಕೊಡಲು ಬಂದಾಗಲೆಲ್ಲ ತಂಗಿ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತ, "ಅಣ್ಣಾ, ನಾನು ಮಾಡಿದ್ದು ಸರೀನಾ?" ಅನ್ನುತ್ತಾಳೆ. "ನಂಗೇನಮ್ಮಾ ಗೊತ್ತು, ಕೂತ್ಕೋ," ಅನ್ನುತ್ತೇನೆ. ಇವತ್ತಿನವರೆಗೂ ಕೂತಿಲ್ಲ.

ಆ ಫೋಟೋವನ್ನು ನನ್ನ ಹೆಂಡತಿ ಕಟ್ಟು ಹಾಕಿಸಿ ಅಂಗಡಿಯಲ್ಲಿ ನನ್ನ ತಲೆಯ ಮೇಲೇ ನೇತುಹಾಕಿದ್ದಾಳೆ. "ವ್ಯಾಪಾರ ಮಾಡದೇ ಇರೋ ನಿಮ್ಮ ಮುಖ ಇದೊಂದೇ. ಇರಲಿ, ಗುರುತಿಗೆ," ಅಂದಳು. ಗಿರಾಕಿಗಳು ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಬೆಲೆ ಕೇಳುವ ಮೊದಲೇ ಇಳಿಸಿ ಮಾತಾಡುತ್ತಾರೆ. ನಷ್ಟವೇ. ಆದರೂ ಫೋಟೋ ಇಳಿಸಿಲ್ಲ.

ಆ ಗಡಿಬಿಡಿಯಲ್ಲಿ ಗುಂಡನ ಮುಚ್ಚಳ ನನ್ನ ಮೇಜಿನ ಮೇಲೇ ಉಳಿಯಿತು. ಅವಳು ಬಂದಾಗ ನೆನಪಾಗುವುದಿಲ್ಲ, ಹೋದ ಮೇಲೆ ಡ್ರಾಯರ್ ಎಳೆದರೆ ಅಲ್ಲೇ ಇರುತ್ತದೆ. ಫೋಟೋಗೆ ಅವಳು ದುಡ್ಡೇನೂ ತೆಗೆದುಕೊಂಡಿಲ್ಲ.

ಒಂದು ಮುಚ್ಚಳ, ಒಂದು ಮುಖ. ಇಷ್ಟು ನಾನು ಅವಳಿಗೆ ಕೊಡಬೇಕು.