ಊಟದ ಹೊತ್ತಿನ ಬೆಳಕು

ನಾನು ಸಂಶಯದ ಪ್ರಾಣಿ. ಅಂಗಡಿಯವನು ತಕ್ಕಡಿ ಹಿಡಿದರೆ ಅವನ ಕಿರುಬೆರಳು ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಯೋಚಿಸುತ್ತೇನೆ. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಕೋಣೆಯೊಂದರಲ್ಲಿ ಅನಿಮೇಷನ್ ಕಲಿಯಲು ಸೇರಿದಾಗ ಈ ಗುಣಕ್ಕೆ ಮೊದಲ ಸಲ ಮರ್ಯಾದೆ ಸಿಕ್ಕಿತು. ಬೆಳ್ತಂಗಡಿಯಿಂದ ಬರುತ್ತಿದ್ದ ನಮ್ಮ ಸರ್ ಮೊದಲ ದಿನವೇ ಹೇಳಿದರು: "ಯಾವ ನೆರಳನ್ನೂ ನಂಬಬೇಡಿ. ನಿನ್ನ ಬೆಳಕು ಎಲ್ಲಿ ಉಂಟು ಅಂತ ಅದನ್ನೇ ಕೇಳಿ. ಉತ್ತರ ಸಿಗದಿದ್ದರೆ ಆ ನೆರಳು ಸುಳ್ಳು." ಇದು ನನಗೆಂದೇ ಹುಟ್ಟಿದ ಕೆಲಸ ಎಂದುಕೊಂಡೆ.

ಬೇರೆಯವರು ಕಂಪ್ಯೂಟರಿನಲ್ಲಿ ಕಟ್ಟಿಕೊಟ್ಟ ಮನೆ, ಮನುಷ್ಯರು ಮೊದಲಿಗೆ ಬರೀ ಬೂದು ಮಣ್ಣಿನಂತೆ ಇರುತ್ತಾರೆ. ಇದು ಕಾವಿ ನೆಲ, ಇದು ಸ್ಟೀಲಿನ ಬಟ್ಟಲು, ಇದು ಒದ್ದೆ ಸೆರಗು ಎಂದು ಒಂದೊಂದಕ್ಕೂ ನಾವು ಮೈ ಕೊಡಬೇಕು. ಆಮೇಲೆ ಬೆಳಕು ಇಡಬೇಕು. ಕೊನೆಗೆ ರೆಂಡರ್, ಅಂದರೆ ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿ, ಒಂದೊಂದೇ ಚಿತ್ರ ಹೊರಬರುವವರೆಗೆ ಕಾಯುವುದು. ಮೂರು ಗಂಟೆ ಬೇಕು, ಅಷ್ಟು ಹೊತ್ತು ಆ ಕಂಪ್ಯೂಟರಿನಲ್ಲಿ ಬೇರೇನೂ ನಡೆಯುವುದಿಲ್ಲ.

ಒಂದು ಕಂಪ್ಯೂಟರಿಗೆ ಇಬ್ಬರು. ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಬರುವ ನನ್ನದೇ ಪ್ರಾಯದ ಹುಡುಗಿ. "ನಿನ್ನ ನೆಲ ಎಷ್ಟು ಚಂದ ಹೊಳೀತದೆ ಮಾರಾಯ್ತಿ, ನನಗೂ ಸ್ವಲ್ಪ ತೋರಿಸು" ಎಂದು ಪಕ್ಕದಲ್ಲಿ ಬಂದು ನಿಲ್ಲುವಳು. ನಾನು ಅರ್ಧ ತೋರಿಸಿ ಅರ್ಧ ಇಟ್ಟುಕೊಳ್ಳುತ್ತಿದ್ದೆ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಲೈಟಿಂಗ್ ಮಾಡುವವರಿಗೆ ಒಂದೇ ಒಂದು ಜಾಗ ಇತ್ತು. ನಾವೆಲ್ಲ ಒಂದೊಂದು ದೃಶ್ಯ ಮಾಡಿಕೊಟ್ಟರೆ ನೋಡಿ ಆರಿಸುತ್ತೇವೆ ಎಂದಿದ್ದರು. ಆ ಕೆಲಸ ನನಗೆ ಬೇಕೇಬೇಕಿತ್ತು. ಅವಳಿಗೂ ಬೇಕಿತ್ತು, ಅದೇ ನನ್ನ ತಲೆನೋವು.

ದೃಶ್ಯ ಹಂಚಿದಾಗ ನನ್ನ ಪಾಲಿಗೆ ಬಂದ ಚೀಟಿಯಲ್ಲಿ ಹೀಗಿತ್ತು: ದಿನದ ಕೆಲಸ ಮುಗಿದಿದೆ, ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಚೀಟಿ ಓದಿದ ಕೂಡಲೇ ಕಣ್ಣೆದುರು ಬಂದದ್ದು ನಮ್ಮ ಅಡುಗೆಮನೆಯ ಪಡುವಣ ಕಿಟಕಿ. ಅದರ ಸರಳುಗಳ ಎಡೆಯಿಂದ ಬರುವ ಇಳಿಬಿಸಿಲನ್ನು ಕಾವಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿದೆ. ಅಮ್ಮನ ಬಳೆಯ ಮೇಲೆ ಅದು ಒಂದು ಕ್ಷಣ ನಿಲ್ಲುವಂತೆ ಮಾಡಲು ನನಗೆ ನಾಲ್ಕು ದಿನ ಹಿಡಿಯಿತು. ಕೊಡಬೇಕಾದ ದಿನ ರೆಂಡರ್ ಮುಗಿಸಿ, ಹೆಮ್ಮೆಯಿಂದಲೇ ಮನೆಗೆ ಹೋದೆ. ಸಂಜೆ ಐದಕ್ಕೆ ಸರ್ ತಮ್ಮ ಕೈಗೆ ಬಂದ ಕೆಲಸವನ್ನೆಲ್ಲ ಸ್ಟುಡಿಯೋಗೆ ಕಳುಹಿಸಿದ್ದರು.

ಮರುದಿನ ಬೆಳಿಗ್ಗೆ ಫೈಲು ತೆರೆದರೆ ಸೂರ್ಯನೇ ಇಲ್ಲ! ಕಿಟಕಿಯಾಚೆ ಕಪ್ಪು. ಗೋಡೆಯ ಮೇಲೆ ಒಂದು ಟ್ಯೂಬ್‌ಲೈಟು, ಅದರ ಕೆಳಗೆ ನನ್ನ ಮನೆಯವರು ಬೆಳ್ಳಗೆ ಕೂತು ಉಣ್ಣುತ್ತಿದ್ದಾರೆ. ಫೈಲು ಕೊನೆಗೆ ಬದಲಾದ ಹೊತ್ತು ಮಧ್ಯಾಹ್ನ ಒಂದು ಮುಕ್ಕಾಲು. ಆ ಹೊತ್ತಿಗೆ ಆ ಕುರ್ಚಿಯಲ್ಲಿ ಅವಳಲ್ಲದೆ ಇನ್ಯಾರು? ಅವಳ ನಗು, ಪಕ್ಕದಲ್ಲಿ ನಿಲ್ಲುವುದು, ನೆಲ ತೋರಿಸು ಎಂದದ್ದು, ಎಲ್ಲ ಒಂದಕ್ಕೊಂದು ತಾಳೆಯಾಯಿತು. ಸಿಟ್ಟು ಬಂತು, ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಯಿತು. ನನ್ನ ಸಂಶಯ ಸರಿಯಾಗಿತ್ತಲ್ಲ!

ಅವಳು ಬರುವವರೆಗೂ ಕಾಯಲಿಲ್ಲ. ನೇರ ಸರ್ ಹತ್ತಿರ ಹೋಗಿ, "ಕೆಲಸ ನನಗೆ ಸಿಗಬಾರದು ಅಂತ ಬೇಕೆಂದೇ ಹಾಳು ಮಾಡಿದ್ದಾಳೆ ಸರ್" ಎಂದೆ. ಬೆಳಗಿನ ತರಗತಿಯವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಮಧ್ಯಾಹ್ನ ಅವಳು ಬ್ಯಾಗು ಇಳಿಸುವ ಮೊದಲೇ ಸರ್ ಕೇಳಿದರು. ಅವಳು ಗಾಬರಿಯಾಗಲಿಲ್ಲ. "ಹೌದು ಸರ್, ನಾನೇ ಬದಲಿಸಿದ್ದು. ಕೆಲಸ ಎಲ್ಲ ಮುಗಿಸಿ ಊಟಕ್ಕೆ ಕೂತವರ ಮೇಲೆ ಬಿಸಿಲು ಬಿದ್ದಿತ್ತು. ಹಗಲಿನ ಸೂರ್ಯನನ್ನು ತೆಗೀಲಿಕ್ಕೆ ಮರೆತಿದ್ದಾಳೆ ಅಂತ ಎಣಿಸಿದೆ. ಐದು ಗಂಟೆಗೆ ಕಳಿಸ್ಲಿಕ್ಕೆ ಇತ್ತಲ್ಲ? ಮೂರು ಸಲ ಫೋನ್ ಮಾಡಿದೆ, ಅವಳು ತೆಗೀಲಿಲ್ಲ."

ಮೊಬೈಲು ನೋಡಿದೆ. ಹೆಸರಿಲ್ಲದ ಒಂದು ನಂಬರಿನಿಂದ ಮೂರು ಕರೆ. ಗೊತ್ತಿಲ್ಲದ ನಂಬರನ್ನು ನಾನು ಎತ್ತುವುದಿಲ್ಲ, ಮೂರು ತಿಂಗಳು ಒಂದೇ ಕುರ್ಚಿ ಹಂಚಿಕೊಂಡವಳ ನಂಬರನ್ನು ಉಳಿಸಿಕೊಂಡಿರಲೂ ಇಲ್ಲ.

"ಹಾಗಾದರೆ ನಿನ್ನೆ ನಿನ್ನ ದೃಶ್ಯ ಯಾಕೆ ಕೊಡಲಿಲ್ಲ?" ಸರ್ ಕೇಳಿದರು.

"ಇವಳದ್ದು ರೆಂಡರ್ ಆಗುವಾಗ ನಾಲ್ಕು ಮುಕ್ಕಾಲು ಆಯ್ತು ಸರ್. ನನ್ನದಕ್ಕೆ ಹೊತ್ತು ಸಾಕಾಗಲಿಲ್ಲ."

ಆ ಬಿಸಿಲು ಮರೆವಲ್ಲ, ನಮ್ಮ ಮನೆಯ ಊಟದ ಬೆಳಕೇ ಅದು ಎಂದು ಹೇಗೋ ಹೇಳಿದೆ. ಅವಳು ನನ್ನ ಮುಖ ನೋಡಿ, "ಅದು ನನಗೆ ಗೊತ್ತಿರಲಿಲ್ಲ. ಕೇಳದೆ ಮುಟ್ಟಿದ್ದು ನನ್ನದೂ ತಪ್ಪೇ" ಎಂದಳು. ಆಮೇಲೆ ಮೆತ್ತಗೆ, "ನೀನಾದರೂ ಮೊದಲು ನನ್ನ ಹತ್ತಿರ ಕೇಳಬಹುದಿತ್ತು" ಎಂದಳು.

ನನ್ನ ಹೆಸರಿನಲ್ಲಿ ಹೋದ ದೃಶ್ಯದ ಟ್ಯೂಬ್‌ಲೈಟಿನ ಬೆಳಕು ಅವಳದು ಎಂದು ಸ್ಟುಡಿಯೋದವರಿಗೆ ತಿಳಿಸಿ ಎಂದು ಸರ್ ಹತ್ತಿರ ನಾನೇ ಹೇಳಿದೆ. ಅದರಿಂದ ನನ್ನ ಮುಖವೇನೂ ಉಳಿಯಲಿಲ್ಲ. ಆ ಬೆಳಕು ನೋಡಿಯೇ ಕೆಲಸ ಅವಳಿಗಾಯಿತು, ಆಗಬೇಕಾದದ್ದೇ.

ಹೋಗುವ ಮೊದಲು ಎರಡು ವಾರ ಅವಳು ತರಗತಿಗೆ ಬಂದಳು. ಪ್ರತಿ ಸಂಜೆ ಆ ನಂಬರಿನಿಂದ ನನಗೊಂದು ಫೋಟೋ ಬರುತ್ತಿತ್ತು. ಕಂಪ್ಯೂಟರಿನ ಪರದೆ, ಅದರಲ್ಲಿ ನನ್ನ ಫೈಲು, ನಾನು ಬೆಳಿಗ್ಗೆ ಮುಚ್ಚಿದ ಗಂಟೆ. ಮುಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಜೊತೆಗೆ ಒಂದು ಮಾತೂ ಇಲ್ಲ. ಕ್ಷಮಿಸು ಎಂದು ಬರೆದೆ, ಓದಿದಳು, ಉತ್ತರ ಬರಲಿಲ್ಲ. ಇದೆಲ್ಲ ಬೇಡ ಮಾರಾಯ್ತಿ ಎಂದು ಬರೆದೆ. ಮರುದಿನ ಮತ್ತೆ ಫೋಟೋ. ಬೇಡ ಎಂದು ಬರೆದದ್ದು ನಿಜ. ಆದರೆ ಬಂದ ಒಂದೊಂದು ಫೋಟೋವನ್ನೂ ಎರಡು ಬೆರಳಿನಿಂದ ದೊಡ್ಡದು ಮಾಡಿ, ಗಂಟೆ ಸರಿಯಾಗಿದೆಯಾ ಎಂದು ನೋಡಿದ್ದೇನೆ.