ಮೊರದೊಳಗಿನ ಐಸಾಕ

ತೊಂಬತ್ತರ ದಶಕದ ಒಂದು ಮಳೆಗಾಲವಿಡೀ ಚಿನಕುರಳಿಯ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬಿದಿರಿನ ಮೊರವೊಂದು ಕೆಲಸವಿಲ್ಲದೆ ತೂಗುತ್ತಿತ್ತು. ರಾಗಿ ಕೇರಲು ಅವ್ವ ಪಕ್ಕದ ಮನೆಯ ಮೊರ ಎರವಲು ತರುತ್ತಿದ್ದಳೇ ಹೊರತು ಇದನ್ನು ಮುಟ್ಟುತ್ತಿರಲಿಲ್ಲ. ಅದು ಒಂದು ಕೂಸನ್ನು ಹೊತ್ತ ಮೊರ. ಆ ಕೂಸಿನ ಹೆಸರಿನ ವಿಷಯವನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಎದುರುಮನೆಯ ನರ್ಸ್ ಗ್ರೇಸಮ್ಮ ಊರಿನ ಎಷ್ಟೋ ಹೆರಿಗೆ ಮಾಡಿಸಿದವರು. ಅವರ ಸ್ವಂತ ಕೂಸುಗಳೆರಡು ಮಾತ್ರ ನಗುವ ತಿಂಗಳು ಮುಟ್ಟುವ ಮೊದಲೇ ತೀರಿಹೋಗಿದ್ದವು. ನಲವತ್ತು ದಾಟಿದ ಮೇಲೆ ಮೂರನೆಯದು ಹುಟ್ಟಿತು, ಗಂಡು. ಐಸಾಕ್ ಎಂದು ಹೆಸರಿಟ್ಟರು.

ಹೆಸರನ್ನು ಎರಡು ಸಲ ಕೇಳಿ ಬರೆದುಕೊಳ್ಳುವುದು ಪತ್ರಿಕೆಯ ಕೆಲಸ ನನಗೆ ಕಲಿಸಿದ ಶಿಸ್ತು. ಅರ್ಥವನ್ನೂ ಕೇಳಿದೆ. “ನಗ್ತಾನೆ ಅಂತ,” ಎಂದರು ಗ್ರೇಸಮ್ಮ. ಹೀಬ್ರೂ ಹೆಸರು. ಬೈಬಲಿನಲ್ಲಿ, ಇಳಿವಯಸ್ಸಿನಲ್ಲಿ ಮಗುವಾಗುವುದೆಂದು ಕೇಳಿದ ತಾಯಿಯೊಬ್ಬಳು ನಂಬಲಾರದೆ ನಕ್ಕಳಂತೆ, ಆ ನಗುವೇ ಮಗನ ಹೆಸರಾಯಿತಂತೆ. ನಮ್ಮ ಹೆಸರುಗಳು ದೇವರನ್ನೋ ಅಜ್ಜನನ್ನೋ ನೆನೆಯುತ್ತವೆ. ಇದೋ, ಇನ್ನೂ ನಡೆಯದ ಸುದ್ದಿಯನ್ನು ಮೊದಲೇ ಸಾರಿಬಿಡುತ್ತದೆ! ನಡೆಯದ್ದನ್ನು ಅಚ್ಚಿಗೆ ಕಳಿಸಬಾರದೆಂದು ಕಲಿತ ನಾನು ಬೆರಗಾದೆ. ಶ್ರೀರಂಗಪಟ್ಟಣದಲ್ಲಿ ನನ್ನ ಅಂಗಿ ಹೊಲಿಯುವ ಇಸಾಕ್ ಸಾಬರದೂ ಇದೇ ಹೆಸರೆಂದು ಮಾರನೆಯ ದಿನ ಹೊಳೆದಾಗಂತೂ ಬಸ್ಸಿನಲ್ಲಿ ಕೂತವನು ಎದ್ದೇ ನಿಂತೆ. ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ, ಅದು ಬೇರೆ ಮಾತು.

ಅವ್ವ ಮಾತ್ರ ಹೆದರಿ ಗ್ರೇಸಮ್ಮನ ಮುಂದೆ ಹೋಗಿ ನಿಂತಳು. “ನಗ್ತಾನೆ ಅಂತ ಊರಿಗೆಲ್ಲ ಸಾರುದ್ರೆ ಕಣ್ಣು ಬೀಳಾಕಿಲ್ವಾ ತಾಯಿ? ತಿಪ್ಪ ಅನ್ನು. ತಿಪ್ಪೆ ಮ್ಯಾಲಿಟ್ಟು ಎತ್ಕಳವಾ.”

ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ಮೊರದಲ್ಲಿಟ್ಟು ತಿಪ್ಪೆಗೆ ಬಿಡುವುದು, ಇನ್ನೊಬ್ಬಳು ಅದನ್ನೆತ್ತಿಕೊಂಡು ಹಿಡಿ ತೌಡಿಗೆ ತಾಯಿಗೇ ಮಾರುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ಬೇಡದ ಕೂಸೆಂದು ಸಾವು ಮೋಸಹೋಗಬೇಕು.

“ತಿಪ್ಪೇಲಿ ನಂಜಿರುತ್ತೆ ಅಕ್ಕಾ. ಬೇಕಾದ್ರೆ ಮೊರ ತೊಳೆದು ಜಗಲಿ ಮೇಲಿಡಿ,” ಎಂದರು ಗ್ರೇಸಮ್ಮ.

“ಜಗಲಿ ಮ್ಯಾಲಿಟ್ರೆ ಸಾವು ನೆಂಟನಂಗೆ ಬಂದು ಕೂತ್ಕತದೆ!”

ಕೊನೆಗೆ ರಾಜಿಯಾಯಿತು: ತಿಪ್ಪೆಯ ಮೇಲಲ್ಲ, ಪಕ್ಕದಲ್ಲಿ, ಬಿಸಿನೀರಲ್ಲಿ ತೊಳೆದ ಮೊರ, ಒಗೆದ ಬಟ್ಟೆ. ಆಗ ಕೂಸು ನಕ್ಕಿತೆಂದು ಬರೆದರೆ ಚೆಂದ, ಆದರೆ ಅದು ಉಚ್ಚೆ ಹೊಯ್ದು ಅತ್ತಿತು. ಅವ್ವ “ತಿಪ್ಪಾ” ಎಂದು ಎತ್ತಿಕೊಂಡಳು. ಗ್ರೇಸಮ್ಮ ತೌಡು ಕೊಟ್ಟು “ಐಸಾಕ್” ಎಂದು ಈಸಿಕೊಂಡರು. ಕೂಸು ಗಟ್ಟಿಯಾಗುವ ತನಕ ಆ ಮೊರದಲ್ಲಿ ಕಾಳು ಕೇರಕೂಡದೆಂದು ಅವ್ವ ಅದನ್ನು ಗೋಡೆಗೆ ಹಾಕಿದಳು.

ಎರಡು ಹೆಸರೂ ಒಂದೇ ಭಯದಿಂದ ಹುಟ್ಟಿದವು ಎಂದು ಆಮೇಲೆ ಅನ್ನಿಸಿತು. ತಿಪ್ಪ ಎಂಬುದು ಕೂಸನ್ನು ಬಚ್ಚಿಡುವ ಹೆಸರು. ಆದರೆ ಎರಡು ಸಲ ತೊಟ್ಟಿಲು ಬರಿದಾದ ಮನೆಯಲ್ಲಿ ನಿಂತು, ಇವನು ನಗುತ್ತಾನೆ ಎಂದು ದಿನವೂ ಕೂಗಿ ಕರೆಯಲು ಎಂಥ ಎದೆಗಾರಿಕೆ ಬೇಕು!

ಒಂದು ಬೆಳಗ್ಗೆ ನಾನು ಪಾಂಡವಪುರದ ಬಸ್ಸಿಗೆ ಹೊರಟಿದ್ದಾಗ ಅವ್ವ ಎದುರುಮನೆಯಿಂದ ಓಡಿಬಂದಳು.

“ನಕ್ಬುಟ್ಟ ಕಣ್ಲಾ! ಕೇಕೆ ಆಕ್ಕಂಡು ನಕ್ಬುಟ್ಟ!”

“ಯಾರವ್ವ?” ಅಭ್ಯಾಸಬಲದಿಂದ ಕೇಳಿದೆ.

“ಇನ್ಯಾರ್ಲಾ? ನಮ್ ಐಸಾಕ!”

ತಿಪ್ಪ ಎನ್ನಲಿಲ್ಲ. ಬಸ್ಸು ಹೋದರೆ ಹೋಗಲೆಂದು ನಾನೂ ನೋಡಲು ಓಡಿದೆ.

ಸಂಜೆ ಮನೆಗೆ ಬಂದಾಗ ಗೋಡೆಯ ಮೊಳೆ ಬರಿದಾಗಿತ್ತು. ಅಂಗಳದಲ್ಲಿ ಅವ್ವ ಅದೇ ಮೊರದಲ್ಲಿ ರಾಗಿ ಕೇರುತ್ತಿದ್ದಳು, ಹೊಟ್ಟು ಗಾಳಿಗೆ ಹಾರಿ ತಿಪ್ಪೆಯ ಕಡೆ ಹೋಗುತ್ತಿತ್ತು.