ಹದಿನೈದನೆಯ ಕುರಿ

ಜೀರಹಳ್ಳಿಯ ಜಡೆಮಾದಮ್ಮ ಹುಲಿ-ಕುರಿ ಆಟಕ್ಕೆ ಕೂತರೆ ಎಂದೂ ಹುಲಿಯನ್ನು ಕೇಳಿದವಳಲ್ಲ. “ಉಲಿಯಾಗಿ ಗೆದ್ರೆ ನಾ ಸಾಕಿದ್ದನ್ನ ನಾನೇ ತಿಂದಂಗೆ,” ಎನ್ನುತ್ತಿದ್ದಳು. ಆಟದ ಹದಿನೈದು ಕಲ್ಲಿಗೂ ತಾನು ಕಾಡಂಚಿನಲ್ಲಿ ಮೇಯಿಸುವ ಹದಿನೈದು ಕುರಿಗಳ ಹೆಸರಿಟ್ಟು, ಪ್ರತಿಯೊಂದರ ಹಿಂದಿನ ಮನೆಯನ್ನೂ ಇನ್ನೊಂದು ಕಲ್ಲಿನಿಂದ ತುಂಬುತ್ತಿದ್ದಳು. ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಕುರಿಯ ಮೇಲಿಂದ ಅಲ್ಲಿಗೆ ಹಾರಿ ಅದನ್ನು ಕಡಿಯುತ್ತದೆ.

೧೯೯೬ರ ಬೇಸಿಗೆಯಲ್ಲಿ ಒಂದು ಕುರಿ ಕಾಯಿಲೆ ಬಿದ್ದು ಸತ್ತಿತು. ಅಂದು ಸಂಜೆ ಜಗಲಿಯ ಮೇಲೆ ಆಟಕ್ಕೆ ಕೂತಾಗ ಒಂದು ಕಲ್ಲು ಹೆಸರಿಲ್ಲದೆ ಉಳಿಯಿತು.

“ಅದ್ಕೆ ನಿನ್ನೆಸ್ರೇ ಮಡುಗವ್ವ,” ಎಂದ ಯಾವಾಗಲೂ ಹುಲಿಯಾಡುವ ಪಕ್ಕದ ಮನೆಯ ಮುದುಕ ಬೊಮ್ಮಯ್ಯ. ನಗುತ್ತಾ ಹಾಗೇ ಮಾಡಿದಳು. ನಗುವಿನಲ್ಲಿ ಹಿಂದಿನ ಮನೆ ತುಂಬುವುದನ್ನು ಮರೆತಳು. ಹುಲಿ ಅವಳನ್ನೇ ಕಡಿಯಿತು. ಬೊಮ್ಮಯ್ಯ ಆ ಕಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

ಮರುದಿನ ಹಳ್ಳದ ಬಳಿ ಮೇಯುತ್ತಿದ್ದ ಕುರಿಗಳು ಒಟ್ಟಿಗೆ ತಲೆಯೆತ್ತಿದವು. ಕೊರಳ ಗಂಟೆಗಳು ನಿಂತವು. ಲಂಟಾನ ಪೊದೆಯೊಳಗಿಂದ ಹಸಿಮಾಂಸದ ನಾತ ಬಂತು. ಜಡೆಮಾದಮ್ಮನಿಗೆ ಪೊದೆಗಿಂತ ತನ್ನ ಬೆನ್ನ ಹಿಂದಿನ ಖಾಲಿ ಜಾಗವೇ ಹೆಚ್ಚು ಭಯ ಹುಟ್ಟಿಸಿತು. ಹಿಂದಕ್ಕೆ ಸರಿದು ಸರಿದು ಬಂಡೆಗೆ ಬೆನ್ನೊತ್ತಿ ನಿಂತಳು. ಕುರಿಗಳು ಅವಳ ಕಾಲಿಗೆ ಅಂಟಿಕೊಂಡವು. ಬಿಸಿಲು ಇಳಿಯುವವರೆಗೂ ಪೊದೆ ಆಗಾಗ ಅಲುಗುತ್ತಿತ್ತು. ಏನೂ ಹೊರಬರಲಿಲ್ಲ.

ಊರು ಸೇರಿದವಳು ಕುರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕದೆ ನೇರ ಬೊಮ್ಮಯ್ಯನ ಬಾಗಿಲಿಗೆ ಹೋದಳು.

“ಯಾಕವ್ವ, ಆಟಕ್ಕಾ?” ಎಂದ ಅವನು.

ಅವಳು ಅವನ ಅಂಗಿಯ ಜೇಬಿನತ್ತ ಕೈ ಚಾಚಿದಳು.

“ಆಟ ಬ್ಯಾಡ ಮಾವ. ಮೊದ್ಲು ನನ್ನನ್ನ ನಂಗೆ ವಾಪಸ್ ಕೊಟ್ಬುಡು.”